ಪ್ರೀತಿಗೆ ಸಿಕ್ಕಿಬಿದ್ದ ಗ್ರೀಕ್ ದೇವರುಗಳು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಹೋಳಿ ಸಂಚಿಕೆಯಲ್ಲಿ ಕಾಮಣ್ಣನ ಬಗ್ಗೆ ಬರೆಯುವಾಗ "ಗ್ರೀಕರ ಪ್ರೇಮದೇವರನ್ನು ಯಾರೂ ಸುಡಲಿಲ್ಲ" ಅಂತ ಒಂದು ಸಾಲು ಸುಮ್ನೆ ಸೇರಿಸಿದ್ದೆ. ಲೇಖನಕ್ಕಿಂತ ಆ ಸಾಲಿಗೇ ಪತ್ರಗಳು ಜಾಸ್ತಿ ಬಂದಿವೆ, ಅದೂ ದಾವಣಗೆರೆ, ಚಿತ್ರದುರ್ಗದ ಕಡೆಯಿಂದ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟಿದ್ದೇನೆ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿಕೊಂಡಿದ್ದಾರೆ, ಅದಕ್ಕೆ ಯಾರ ಹೆಸರೂ ಇಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಮೇಷ್ಟ್ರೇ, ಗ್ರೀಕರ ಪ್ರೇಮದೇವರನ್ನು ಯಾಕೆ ಯಾರೂ ಸುಡಲಿಲ್ಲ? ನಮ್ಮ ಮನ್ಮಥನೂ ಅವನೂ ಒಂದೇ ಅಲ್ವಾ? ಇಬ್ಬರ ಕೈಯಲ್ಲೂ ಬಿಲ್ಲಿದೆ.
– ಪದವಿ ವಿದ್ಯಾರ್ಥಿ, ದಾವಣಗೆರೆ

ತಮ್ಮಾ, ಬಿಲ್ಲು ಇಬ್ಬರ ಕೈಯಲ್ಲೂ ಇದೆ, ಒಪ್ಪಿದೆ. ಆದರೆ ನಮ್ಮಲ್ಲಿ ಕಾಮನ ಎದುರಿಗೆ ಒಬ್ಬ ಶಿವ ಇದ್ದಾನೆ. ತಪಸ್ಸಿಗೆ ಕೂತಿದ್ದವನಿಗೆ ಹೂಬಾಣ ತಗುಲಿತು, ಹಣೆಗಣ್ಣು ತೆರೆಯಿತು, ಕಾಮ ಬೂದಿಯಾದ. ನೀವು ರಾಂ ಅಂಡ್ ಕೋ ಸರ್ಕಲ್‌ನಲ್ಲಿ ಬಣ್ಣ ಎರಚಿ ಕುಣಿಯುವುದರ ಹಿಂದೆ ಇರುವುದು ಈ ಕಥೆಯೇ. ಕಾಮವನ್ನು ಗೆಲ್ಲಬಲ್ಲ ದೇವರೊಬ್ಬ ಇದ್ದಾನೆ ಅನ್ನುವ ಧೈರ್ಯ ಇದರಲ್ಲಿದೆ. ಗ್ರೀಕರಿಗೆ ಆ ಧೈರ್ಯ ಇರಲಿಲ್ಲ. ಅವರ ದೇವರ ರಾಜ ಜೀಯಸ್, ಆಕಾಶ ಗುಡುಗಿಸುವವನು, ಪ್ರೀತಿಯ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಜಾರಿಬಿದ್ದವನು. ಇನ್ನು ಸುಡುವವರು ಯಾರು?

ಕ್ರಿ.ಪೂ. 700ರ ಸುಮಾರಿಗೆ ಹೆಸಿಯಡ್ ಅನ್ನುವ ಕವಿ ದೇವರುಗಳ ಹುಟ್ಟಿನ ಕಥೆ ಬರೆದ. ಅವನ ಲೆಕ್ಕದಲ್ಲಿ ಮೊದಲು ಬರೀ ಬಯಲು, ಆಮೇಲೆ ಭೂಮಿ, ಭೂಮಿಯ ತಳದ ಕತ್ತಲು, ಅದರ ಬೆನ್ನಿಗೇ ಈರೋಸ್, ಅಂದರೆ ಪ್ರೀತಿ. ಜೀಯಸ್ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತಿದು. ದೇವರಿರಲಿ ಮನುಷ್ಯರಿರಲಿ, ಎಲ್ಲರ ಕೈಕಾಲು ಸಡಿಲ ಮಾಡಿ ಬುದ್ಧಿಯನ್ನು ಸೋಲಿಸುವವನು ಅಂತ ಹೆಸಿಯಡ್ ಅವನನ್ನು ವರ್ಣಿಸುತ್ತಾನೆ. ನೀವು ಚಿತ್ರಗಳಲ್ಲಿ ನೋಡುವ ರೆಕ್ಕೆಯ ಪುಟ್ಟ ಹುಡುಗ ಬಹಳ ತಡವಾಗಿ ಬಂದವನು. ಆ ಹೊತ್ತಿಗೆ ಅವನನ್ನು ಪ್ರೇಮದ, ಚೆಲುವಿನ ದೇವತೆ ಅಫ್ರೊಡೈಟಿಯ ಮಗ ಅಂತ ಮಾಡಿ, ಕೈಗೆ ಬಿಲ್ಲು ಕೊಟ್ಟಿದ್ದರು. ಕ್ರಿ.ಪೂ. ಮೂರನೇ ಶತಮಾನದ ಅಪೊಲೋನಿಯಸ್ ಎಂಬ ಕವಿಯ ಕಾವ್ಯದಲ್ಲಿ ಈ ಹುಡುಗ ಎಷ್ಟು ತರಲೆ ಅಂದರೆ, ಜೊತೆಯ ಹುಡುಗನಿಗೆ ಮೋಸ ಮಾಡಿ ಮೂಳೆಗಟ್ಟಿ ಆಟದಲ್ಲಿ ಗೆದ್ದು ಕಿಸಕ್ಕನೆ ನಗುತ್ತಿರುತ್ತಾನೆ. ಮೀಡಿಯಾ ಎಂಬ ರಾಜಕುಮಾರಿಗೆ ಬಾಣ ಬಿಡಪ್ಪ ಅಂದರೆ ಸುಮ್ನೆ ಬಿಡುವುದಿಲ್ಲ. ಜೀಯಸ್ ಚಿಕ್ಕವನಿದ್ದಾಗ ಆಡಿದ್ದ ಚಿನ್ನದ ಚೆಂಡು ಕೊಡುತ್ತೇನೆ ಅಂತ ಅಮ್ಮ ಆಸೆ ತೋರಿಸಬೇಕಾಗುತ್ತದೆ. ಆ ಒಂದು ಚೆಂಡಿನ ಆಸೆಗೆ ಬಿಟ್ಟ ಬಾಣದಿಂದ ಮೀಡಿಯಾಳ ಬದುಕು ಹಾಳಾಯಿತು. ಜೇಸನ್ ಎಂಬ ಪರದೇಶದ ವೀರನಿಗೆ ಮನಸೋತು, ತಂದೆಗೆ ದ್ರೋಹ ಮಾಡಿ ಅವನ ಜೊತೆ ಹೊರಟಳು. ಕೊನೆಗೆ, ಯೂರಿಪಿಡೀಸ್‌ನ ನಾಟಕದಲ್ಲಿ, ಅದೇ ಗಂಡ ಬಿಟ್ಟುಹೋದಾಗ ತನ್ನ ಮಕ್ಕಳನ್ನೇ ಕೊಂದಳು.

ಪ್ರೀತಿ ದೇವರು ಕರುಣಿಸುವ ವರ ಅಂತ ನಾವು ಅಂದುಕೊಂಡಿರುತ್ತೇವೆ. ಗ್ರೀಕರಿಗೆ ಅದು ದೇವರಿಗೂ ತಪ್ಪದ ಕಾಟ. ಮುಂದಿನ ಉತ್ತರಗಳಿಗೆಲ್ಲ ಇದೇ ಬುಡ.

ಪ್ರಶ್ನೆ: ನಮ್ಮ ಕೋಟೆಯಲ್ಲಿ ಹಿಡಿಂಬೇಶ್ವರನ ಗುಡಿ ಇದೆ. ಹಿಡಿಂಬನ ಹಲ್ಲು ಅಂತ ಒಂದನ್ನು ತೋರಿಸುತ್ತಾರೆ. ಅಣ್ಣನನ್ನು ಕೊಂದ ಭೀಮನನ್ನೇ ಹಿಡಿಂಬೆ ಇಷ್ಟಪಟ್ಟು ಮದುವೆಯಾದಳು. ಹೀಗೆ ಮನುಷ್ಯರ ಮೇಲೆ ಮನಸ್ಸು ಮಾಡಿದ ದೇವತೆಯರು ಗ್ರೀಕರಲ್ಲಿ ಇದ್ದಾರಾ? ಬರೀ ಗಂಡು ದೇವರದ್ದೇ ಕಥೆ ಕೇಳಿದ್ದೇವೆ.
– ಟೂರಿಸ್ಟ್ ಗೈಡ್, ಚಿತ್ರದುರ್ಗ

ಇದ್ದಾರೆ, ಮತ್ತು ನನಗೆ ಗಂಡು ದೇವರ ಕಥೆಗಿಂತ ಇವರ ಕಥೆಯೇ ಹೆಚ್ಚು ಇಷ್ಟ.

ಅಫ್ರೊಡೈಟಿಯಿಂದಲೇ ಶುರು ಮಾಡೋಣ. ಅವಳ ಮೇಲೆ ಒಂದು ಹಳೆಯ ಸ್ತೋತ್ರ ಇದೆ. ಅವಳ ಮಾಯೆಗೆ ಬಗ್ಗದವರು ಮೂರೇ ಜನ, ಜ್ಞಾನದ ದೇವತೆ ಅಥೇನಾ, ಬೇಟೆಯ ದೇವತೆ ಆರ್ಟೆಮಿಸ್ ಮತ್ತು ಒಲೆಯ ದೇವತೆ ಹೆಸ್ಟಿಯಾ ಅಂತ ಅದು ಮೊದಲಿಗೇ ಹೇಳಿಬಿಡುತ್ತದೆ. ಉಳಿದ ದೇವರನ್ನೆಲ್ಲ ಮನುಷ್ಯರ ಜೊತೆ ಸೇರಿಸಿ ಅವಳು ನಗುತ್ತಿದ್ದಳು. ಜೀಯಸ್‌ಗೆ ರೇಗಿತು. ಇವಳಿಗೂ ಒಂದು ರುಚಿ ತೋರಿಸುತ್ತೇನೆ ಅಂತ, ಇಡಾ ಬೆಟ್ಟದಲ್ಲಿ ದನ ಕಾಯುತ್ತಿದ್ದ ಆಂಕೈಸೀಸ್ ಎಂಬ ಚೆಲುವನ ಮೇಲೆ ಅವಳಿಗೆ ಮನಸ್ಸಾಗುವಂತೆ ಮಾಡಿದ. ಅವಳು ರಾಜಕುಮಾರಿಯ ವೇಷ ಹಾಕಿ ಅವನ ಹಟ್ಟಿಗೆ ಹೋದಳು. ಎದ್ದಮೇಲೆ ನಿಜರೂಪ ತೋರಿಸಿದರೆ ಆ ಬಡಪಾಯಿ ಮುಖ ಮುಚ್ಚಿಕೊಂಡು ನಡುಗುತ್ತಾನೆ. ಅವಳಿಗೆ ಅದಕ್ಕಿಂತ ಹೆಚ್ಚು ನಾಚಿಕೆ. ಇನ್ನು ದೇವರ ಸಭೆಯಲ್ಲಿ ನಾನು ತಲೆ ಎತ್ತುವ ಹಾಗಿಲ್ಲ, ಮಗ ಹುಟ್ಟುತ್ತಾನೆ, ತಾಯಿ ಯಾರು ಅಂತ ಬಾಯಿ ಬಿಟ್ಟೆಯೋ ಜೀಯಸ್ ಸಿಡಿಲು ಹೊಡೆಯುತ್ತಾನೆ ಅಂತ ಎಚ್ಚರಿಸಿ ಹೋಗುತ್ತಾಳೆ. ಆ ಮಗನೇ ಈನಿಯಸ್. ರೋಮನ್ನರು ಮುಂದೆ ಅವನನ್ನು ತಮ್ಮ ಮೂಲಪುರುಷ ಅಂದುಕೊಂಡರು.

ಅದೇ ಸ್ತೋತ್ರದಲ್ಲಿ ಉಷಾದೇವಿಯ ಕಥೆ ಬರುತ್ತದೆ. ಅವರ ಭಾಷೆಯಲ್ಲಿ ಅವಳು ಈಯೋಸ್. ಟಿಥೋನಸ್ ಎಂಬ ಟ್ರಾಯ್‌ ರಾಜಕುಮಾರನನ್ನು ಎತ್ತಿಕೊಂಡು ಹೋದಳು, ಇವನಿಗೆ ಸಾವು ಬರಬಾರದು ಅಂತ ಜೀಯಸ್‌ನನ್ನು ಕೇಳಿಕೊಂಡಳು, ಅವನು ಹೂಂ ಅಂದ. ಮುಪ್ಪು ಬರಬಾರದು ಅಂತ ಕೇಳುವುದನ್ನು ಮರೆತಳು! ತಲೆಕೂದಲು ಬೆಳ್ಳಗಾಗುವ ತನಕ ಚೆನ್ನಾಗಿದ್ದರು. ಆಮೇಲೆ ಅವಳು ಹಾಸಿಗೆ ಬೇರೆ ಮಾಡಿದಳು, ಊಟ ಬಟ್ಟೆ ಮಾತ್ರ ಕೊಟ್ಟಳು. ಕೊನೆಗೆ ಕೈಕಾಲೂ ಆಡದಾದಾಗ ಒಂದು ಕೋಣೆಯಲ್ಲಿ ಮಲಗಿಸಿ ಬಾಗಿಲು ಹಾಕಿಬಿಟ್ಟಳು. ಒಳಗಿಂದ ಅವನ ಗೊಣಗಾಟ ಮಾತ್ರ ನಿಲ್ಲದೆ ಕೇಳುತ್ತಲೇ ಇತ್ತಂತೆ. ವರ ಕೇಳುವಾಗ ನೆಟ್ಟಗೆ ಕೇಳದೆ ಕೆಟ್ಟವರು ನಮ್ಮ ಪುರಾಣಗಳಲ್ಲೂ ಬೇಕಾದಷ್ಟು ಜನ ಇದ್ದಾರೆ. ಆದರೆ ಪ್ರೀತಿಸಿದವಳೇ ಬಾಗಿಲು ಹಾಕಿದ ಕಥೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಗಂಡಿಗೊಂದು ಹೆಣ್ಣಿಗೊಂದು ನ್ಯಾಯದ ಮಾತು ಬಂದರೆ ಹೋಮರ್ ಕವಿಯ ಒಡಿಸ್ಸಿ ಕಾವ್ಯದಲ್ಲಿ ಬರುವ ಕ್ಯಾಲಿಪ್ಸೊ ಎಂಬ ದೇವತೆಯನ್ನು ಕೇಳಬೇಕು. ಏಳು ವರ್ಷ ತನ್ನ ದ್ವೀಪದಲ್ಲಿ ಇಟ್ಟುಕೊಂಡಿದ್ದ ಒಡಿಸಿಯಸ್ ಎಂಬ ವೀರನನ್ನು ಕಳಿಸಿಕೊಡು ಅಂತ ಜೀಯಸ್ ಹೇಳಿಕಳಿಸಿದಾಗ ಅವಳು ಸಿಡಿದೇಳುತ್ತಾಳೆ. ನೀವು ಗಂಡು ದೇವರುಗಳು ಹೊಟ್ಟೆಕಿಚ್ಚಿನವರು, ದೇವತೆಯೊಬ್ಬಳು ಮನುಷ್ಯನ ಜೊತೆ ಬಾಳುವೆ ಮಾಡಿದರೆ ನಿಮಗೆ ಸಹಿಸುವುದಿಲ್ಲ, ಈಯೋಸ್ ಪ್ರೀತಿಸಿದ ಒರಾಯನ್‌ನನ್ನು ಕೊಂದಿರಿ, ಪೈರಿನ ದೇವತೆ ಡಿಮೀಟರ್ ಪ್ರೀತಿಸಿದವನಿಗೆ ಸಿಡಿಲು ಹೊಡೆದಿರಿ ಅಂತ ಹೆಸರು ಹಿಡಿದು ಹೇಳುತ್ತಾಳೆ. ಆದರೂ ಕಳಿಸಲೇಬೇಕಾಗುತ್ತದೆ, ಜೀಯಸ್ ಮಾತು ಮೀರುವಂತಿಲ್ಲ. ನಮ್ಮ ಹಿಡಿಂಬೆ ಇವರಿಗಿಂತ ಪುಣ್ಯವಂತೆ ಅನ್ನಿಸುತ್ತದೆ. ಅತ್ತೆ ಕುಂತಿಯೇ ಒಪ್ಪಿದಳು, ಮಗ ಹುಟ್ಟುವ ತನಕ ಅಂತ ಕರಾರಾಗಿ ಮದುವೆಯೂ ಆಯಿತಲ್ಲ.

ಪ್ರಶ್ನೆ: ಇಂದ್ರ ಗೌತಮನ ವೇಷದಲ್ಲಿ ಅಹಲ್ಯೆಯ ಹತ್ತಿರ ಹೋದ ಹಾಗೆ ಜೀಯಸ್ ಕೂಡ ಮಾಡಿದ್ದಾನಂತೆ. ಅಂಥವನನ್ನು ಹೇಗೆ ಪೂಜೆ ಮಾಡುತ್ತಿದ್ದರು? ಮಕ್ಕಳಿಗೆ ಈ ಕಥೆಗಳನ್ನು ಹೇಳುವುದು ಹೇಗೆ?
– ಪ್ರೌಢಶಾಲಾ ಶಿಕ್ಷಕಿ, ಚನ್ನಗಿರಿ

ಮೇಡಂ, ನೀವು ಹೇಳಿದ್ದು ಆಲ್ಕ್‌ಮೀನಿಯ ಕಥೆ. ಗಂಡ ಆಂಫಿಟ್ರಿಯಾನ್ ಯುದ್ಧಕ್ಕೆ ಹೋಗಿದ್ದ. ಜೀಯಸ್ ಅವನದೇ ರೂಪದಲ್ಲಿ ಬಂದ, ಒಂದು ರಾತ್ರಿಯನ್ನು ಮೂರು ರಾತ್ರಿಯಷ್ಟು ಉದ್ದ ಮಾಡಿದ. ಹುಟ್ಟಿದವನು ಹೆರಾಕ್ಲೀಸ್, ನಾವು ಹರ್ಕ್ಯುಲಿಸ್ ಅನ್ನುವ ವೀರ. ಅಹಲ್ಯೆಯ ಕಥೆಗೆ ಎಷ್ಟು ಹತ್ತಿರ ನೋಡಿ, ಆದರೆ ಮುಂದೆ ಹಾದಿ ಬೇರೆಯಾಗುತ್ತದೆ. ಗೌತಮ ಇಂದ್ರನಿಗೆ ಶಾಪ ಕೊಟ್ಟ. ಜೀಯಸ್‌ಗೆ ಶಾಪ ಕೊಡುವ ಋಷಿ ಗ್ರೀಸಿನಲ್ಲಿ ಹುಟ್ಟಲೇ ಇಲ್ಲ.

ಪೂಜೆ ಹೇಗೆ ಮಾಡುತ್ತಿದ್ದರು ಅಂದರೆ, ಅವರ ದೇವರು ನಡತೆಗೆ ಮಾದರಿ ಆಗಿರಬೇಕು ಅಂತ ಜನ ಅಪೇಕ್ಷೆ ಮಾಡುತ್ತಿರಲಿಲ್ಲ. ಮಳೆ, ಸಿಡಿಲು, ಆಣೆ, ಮನೆಗೆ ಬಂದ ಅತಿಥಿ, ಇವೆಲ್ಲ ಜೀಯಸ್‌ ಕೈಯಲ್ಲಿದ್ದವು. ಅವನಿಗೆ ಬಲಿ ಕೊಟ್ಟರು, ಹರಕೆ ಹೊತ್ತರು. ಇನ್ನೊಂದು ಲೋಕದ ಲೆಕ್ಕಾಚಾರವೂ ಇತ್ತು. ನಮ್ಮ ವಂಶ ಜೀಯಸ್‌ನಿಂದ ಬಂದದ್ದು ಅಂತ ಹೇಳಿಕೊಳ್ಳಲು ಊರೂರಿನ ರಾಜಮನೆತನಗಳಿಗೆ ಆಸೆ. ಅಲೆಕ್ಸಾಂಡರನ ಮನೆತನವೂ ಹೆರಾಕ್ಲೀಸ್‌ನ ವಂಶ ಅಂತಲೇ ಹೇಳಿಕೊಳ್ಳುತ್ತಿತ್ತು. ಪ್ರತಿ ಊರಿಗೂ ಜೀಯಸ್‌ನ ಮಗನೊಬ್ಬ ಬೇಕಾದಾಗ ಜೀಯಸ್‌ಗೆ ಊರಿಗೊಬ್ಬಳು ಸಿಗಲೇಬೇಕಾಯಿತು.

ಅವರಲ್ಲೂ ನಿಮ್ಮ ಹಾಗೆ ಮುಖ ಸಿಂಡರಿಸಿದವರಿದ್ದರು. ಕ್ರಿ.ಪೂ. ಆರನೇ ಶತಮಾನದ ಕೊನೆಯ ಹೊತ್ತಿಗೆ ಕ್ಸೆನೊಫೆನೀಸ್ ಎಂಬ ಕವಿ, ಮನುಷ್ಯರಲ್ಲಿ ನಾಚಿಕೆಗೇಡು ಅನ್ನಿಸುವುದನ್ನೆಲ್ಲ, ಕಳ್ಳತನ, ಹಾದರ, ಮೋಸ, ಹೋಮರ್ ಮತ್ತು ಹೆಸಿಯಡ್ ದೇವರ ತಲೆಗೆ ಕಟ್ಟಿದ್ದಾರೆ ಅಂತ ಬೈದ. ಎತ್ತಿಗೂ ಕುದುರೆಗೂ ಕೈಯಿದ್ದು ಚಿತ್ರ ಬಿಡಿಸುವಂತಿದ್ದರೆ ಎತ್ತು ತನ್ನ ದೇವರಿಗೆ ಎತ್ತಿನ ಮುಖ, ಕುದುರೆ ಕುದುರೆಯ ಮುಖ ಬರೆಯುತ್ತಿತ್ತು ಅಂದವನೂ ಅವನೇ. ಪ್ಲೇಟೋ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ಆದರ್ಶ ಊರಿನಲ್ಲಿ ಇಂಥ ಕಥೆಗಳನ್ನು ಹುಡುಗರ ಕಿವಿಗೆ ಹಾಕಲೇಬಾರದು ಅಂದ.

ನನಗೆ ಪ್ಲೇಟೋನ ಮಾತು ಒಪ್ಪಿಗೆಯಿಲ್ಲ. ಕಥೆ ಹೇಳಿ, ಆದರೆ ಅದಕ್ಕೆ ಪ್ರೇಮಕಥೆ ಅಂತ ಹೆಸರಿಡಬೇಡಿ. ಹಸುವಾಗಿ ಮಾರ್ಪಟ್ಟು ನೊಣದ ಕಾಟಕ್ಕೆ ದೇಶದೇಶ ಓಡಿದ ಅಯೋ, ಕರಡಿಯಾದ ಕ್ಯಾಲಿಸ್ಟೊ, ಸಿಡಿಲಿಗೆ ಸುಟ್ಟುಹೋದ ಸೆಮೆಲೆ, ಜೀಯಸ್ ಕಣ್ಣಿಗೆ ಬಿದ್ದ ಇವರಲ್ಲಿ ಯಾರೂ ಸುಖಪಡಲಿಲ್ಲ. ಅಯೋ, ಕ್ಯಾಲಿಸ್ಟೊ ಅಂತೂ ಬೇಕು ಅಂದವರೂ ಅಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತದೆ.

ಪ್ರಶ್ನೆ: ಜೀಯಸ್‌ನ ಹೆಂಡತಿ ಹೀರಾ ಬರೀ ಅಳುತ್ತಾ, ಸವತಿಯರಿಗೆ ಕಾಟ ಕೊಡುತ್ತಾ ಇದ್ದುಬಿಟ್ಟಳಾ? ಒಂದು ಸಲವಾದರೂ ಗಂಡನಿಗೆ ಬುದ್ಧಿ ಕಲಿಸಲಿಲ್ಲವಾ?
– ಗೃಹಿಣಿ, ಚಳ್ಳಕೆರೆ

ಕಲಿಸಿದಳು ತಾಯಿ, ಅದೂ ಅವನ ದೌರ್ಬಲ್ಯವನ್ನೇ ಹಿಡಿದು. ಹೋಮರ್ ಬರೆದ ಟ್ರಾಯ್ ಯುದ್ಧದ ಕಾವ್ಯ ಇಲಿಯಡ್‌ನ 14ನೇ ಸರ್ಗದಲ್ಲಿ ಈ ಕಥೆ ಬರುತ್ತದೆ. ಜೀಯಸ್ ಟ್ರಾಯ್‌ನವರ ಕಡೆ ವಾಲಿದ್ದ, ಹೀರಾ ಗ್ರೀಕರ ಕಡೆ. ಸ್ವಲ್ಪ ಹೊತ್ತು ಅವನು ಕಣ್ಣು ಮುಚ್ಚಿದರೆ ಸಾಕಿತ್ತು. ಬಾಗಿಲು ಹಾಕಿಕೊಂಡು ಮೈತೊಳೆದು, ಎಣ್ಣೆ ಹಚ್ಚಿ, ತಲೆ ಬಾಚಿ, ಮೂರು ಹನಿಯ ಓಲೆ ಹಾಕಿಕೊಂಡಳು. ಅಫ್ರೊಡೈಟಿಯ ಹತ್ತಿರ ಹೋಗಿ, ಜಗಳ ಮಾಡಿಕೊಂಡಿರುವ ವಯಸ್ಸಾದ ಗಂಡಹೆಂಡಿರನ್ನು ಒಂದು ಮಾಡಬೇಕು ಅಂತ ಸುಳ್ಳು ಹೇಳಿ ಅವಳ ಮೋಹದ ಪಟ್ಟಿಯನ್ನು ಕಡ ತಂದಳು. ನಿದ್ರಾದೇವರಿಗೆ ಹೆಣ್ಣು ಕೊಡಿಸುತ್ತೇನೆ ಅಂತ ಮಾತು ಕೊಟ್ಟಳು. ಆಮೇಲೆ ಏನೂ ಗೊತ್ತಿಲ್ಲದವಳ ಹಾಗೆ ಇಡಾ ಬೆಟ್ಟ ಹತ್ತಿದಳು.

ಜೀಯಸ್ ನೋಡಿದವನೇ ಕರಗಿದ. ನಿನ್ನ ಮೇಲೆ ಈಗ ಬಂದಿರುವ ಆಸೆ ಇವಳ ಮೇಲೂ ಬಂದಿರಲಿಲ್ಲ, ಅವಳ ಮೇಲೂ ಬಂದಿರಲಿಲ್ಲ ಅಂತ ತನ್ನ ಹಳೆಯ ಪಟ್ಟಿಯನ್ನೆಲ್ಲ, ಡ್ಯಾನೆ, ಯೂರೋಪಾ, ಸೆಮೆಲೆ, ಆಲ್ಕ್‌ಮೀನಿ ಅಂತ ಹೆಂಡತಿಯ ಮುಂದೆಯೇ ಓದಿದ. ಇದಕ್ಕಿಂತ ಪೆದ್ದು ಗಂಡ ಇದ್ದಾನಾ? ಹೀರಾ ತುಟಿ ಕಚ್ಚಿಕೊಂಡು ಕೇಳಿದಳು. ಅವನು ಮಲಗಿದ, ಕೆಳಗೆ ಯುದ್ಧ ತಿರುಗಿತು. ಎದ್ದಮೇಲೆ ಹಿಂದೊಮ್ಮೆ ಕಾಲಿಗೆ ಕಬ್ಬಿಣದ ಅಡಿಗಲ್ಲು ಕಟ್ಟಿ ನೇತುಹಾಕಿದ್ದೆನಲ್ಲ, ಮರೆತೆಯಾ ಅಂತ ಗದರಿಸುತ್ತಾನೆ. ಈ ಸಾಲು ಬಂದಾಗ ನಗು ನಿಂತುಹೋಗುತ್ತದೆ. ಮದುವೆಯ ದೇವತೆ ಅಂತ ಗ್ರೀಕರು ಪೂಜಿಸಿದ್ದು ಇವಳನ್ನೇ. ಸೇಮೋಸ್ ದ್ವೀಪದಲ್ಲಿ, ಆರ್ಗೋಸ್‌ನಲ್ಲಿ ಅವಳ ಭಾರೀ ದೇವಾಲಯಗಳಿದ್ದವು.

ಪ್ರಶ್ನೆ: ಜೀಯಸ್ ಮನುಷ್ಯರನ್ನು ಎರಡು ಹೋಳು ಮಾಡಿದ, ಅದಕ್ಕೇ ಎಲ್ಲರೂ ತಮ್ಮ ಇನ್ನೊಂದು ಅರ್ಧ ಹುಡುಕುತ್ತಾರೆ ಅಂತ ರೀಲ್ಸ್‌ನಲ್ಲಿ ನೋಡಿದೆ. ಗ್ರೀಕರು ಇದನ್ನು ನಿಜವಾಗಿ ನಂಬಿದ್ದರಾ? ನಮ್ಮೂರ ದೇವರೂ ಅರ್ಧ ಹರಿ, ಅರ್ಧ ಹರ.
– ಫೋಟೊಗ್ರಾಫರ್, ಹರಿಹರ

ನಿಮ್ಮೂರಿನಲ್ಲಿ ಎರಡನ್ನು ಕೂಡಿಸಿದ್ದಾರೆ, ಅಲ್ಲಿ ಒಂದನ್ನು ಕತ್ತರಿಸಿದ್ದಾರೆ.

ಇದು ಗ್ರೀಕರ ನಂಬಿಕೆ ಅನ್ನುವುದಕ್ಕಿಂತ ಒಬ್ಬ ಹಾಸ್ಯ ನಾಟಕಕಾರನ ಬಾಯಲ್ಲಿ ಬಂದ ಕಥೆ. ಪ್ಲೇಟೋ ಬರೆದ ಸಂವಾದವೊಂದಿದೆ. ಕ್ರಿ.ಪೂ. 416ರಲ್ಲಿ ಅಗಾಥಾನ್ ಎಂಬ ನಾಟಕಕಾರನಿಗೆ ಬಹುಮಾನ ಬಂತು, ಅವನ ಮನೆಯಲ್ಲಿ ಗೆಳೆಯರ ಊಟ. ಹಿಂದಿನ ರಾತ್ರಿ ಕುಡಿದದ್ದೇ ಜಾಸ್ತಿಯಾಗಿ ತಲೆ ಭಾರವಾಗಿದ್ದರಿಂದ, ಇವತ್ತು ಕಡಿಮೆ ಕುಡಿದು ಒಬ್ಬೊಬ್ಬರೂ ಈರೋಸ್‌ನನ್ನು ಹೊಗಳಿ ಮಾತಾಡೋಣ ಅಂತ ತೀರ್ಮಾನವಾಗುತ್ತದೆ. ನಾನು ಹೇಳಿದ ಹಾಸ್ಯ ನಾಟಕಕಾರ ಅರಿಸ್ಟೋಫನೀಸ್‌ನ ಸರದಿ ಬಂದಾಗ ಅವನಿಗೆ ಬಿಕ್ಕಳಿಕೆ. ಪಕ್ಕದಲ್ಲಿದ್ದ ವೈದ್ಯ ಉಸಿರು ಕಟ್ಟು, ನೀರು ಮುಕ್ಕಳಿಸು, ಆಗದಿದ್ದರೆ ಮೂಗು ಕೆರಳಿಸಿ ಸೀನು ಅಂತ ಔಷಧಿ ಹೇಳಿ ತಾನೇ ಮೊದಲು ಭಾಷಣ ಮಾಡುತ್ತಾನೆ. ಸೀನಿ ಸುಧಾರಿಸಿಕೊಂಡವನು ಹೇಳಿದ ಕಥೆ ನಿಮ್ಮ ರೀಲ್ಸ್‌ನದು.

ಮೊದಲು ಮನುಷ್ಯರು ಉಂಡೆಯಾಗಿದ್ದರು. ನಾಲ್ಕು ಕೈ, ನಾಲ್ಕು ಕಾಲು, ಎರಡು ಮುಖ. ಓಡಬೇಕಾದರೆ ಉರುಳುತ್ತಿದ್ದರು. ಸೊಕ್ಕು ಬಂದು ದೇವರ ಮೇಲೇ ಏರಿಹೋದರು. ಕೊಂದುಹಾಕಿದರೆ ಬಲಿ, ಪೂಜೆ ಕೊಡುವವರು ಯಾರು? ಅದಕ್ಕೆ ಜೀಯಸ್, ಕೂದಲಿನಿಂದ ಬೆಂದ ಮೊಟ್ಟೆ ಕೊಯ್ಯುವ ಹಾಗೆ, ಒಬ್ಬೊಬ್ಬರನ್ನೂ ಎರಡು ಮಾಡಿದ. ಅಪೊಲೊ ಚರ್ಮ ಎಳೆದು ಹೊಟ್ಟೆಯ ಮೇಲೆ ಗಂಟು ಹಾಕಿದ, ಅದೇ ಹೊಕ್ಕುಳು. ಇನ್ನೂ ಸೊಕ್ಕಿದರೆ ಮತ್ತೊಮ್ಮೆ ಕತ್ತರಿಸುತ್ತೇನೆ, ಒಂಟಿ ಕಾಲಲ್ಲಿ ಕುಂಟಿ ಅಂತ ಬೆದರಿಕೆ ಬೇರೆ.

ರೀಲ್ಸ್‌ನವರು ಬಿಟ್ಟುಬಿಡುವುದು ಒಂದಿದೆ. ಆ ಉಂಡೆಗಳಲ್ಲಿ ಮೂರು ಜಾತಿ: ಎರಡೂ ಗಂಡು, ಎರಡೂ ಹೆಣ್ಣು, ಒಂದು ಗಂಡು ಒಂದು ಹೆಣ್ಣು. ಯಾವ ಉಂಡೆಯಿಂದ ಕತ್ತರಿಸಲ್ಪಟ್ಟರೋ ಅಂಥ ಅರ್ಧವನ್ನೇ ಹುಡುಕುತ್ತಾರೆ, ಅದಕ್ಕೇ ಗಂಡನ್ನು ಬಯಸುವ ಗಂಡೂ ಹೆಣ್ಣನ್ನು ಬಯಸುವ ಹೆಣ್ಣೂ ಇದ್ದಾರೆ ಅಂತ ಅವನು ಯಾವ ಮುಜುಗರವೂ ಇಲ್ಲದೆ ಹೇಳುತ್ತಾನೆ. ಮದುವೆ ಆಲ್ಬಮ್ಮಿನ ಮೇಲೆ ಈ ಕಥೆ ಅಚ್ಚು ಹಾಕಿಸುವವರು ಪೂರ್ತಿ ಓದಿಲ್ಲ ಅಂತ ಕಾಣುತ್ತದೆ.

ಆಮೇಲೆ ಸಾಕ್ರಟೀಸ್ ಮಾತಾಡುತ್ತಾನೆ. ತನಗೆ ಪ್ರೀತಿಯ ವಿಷಯ ಕಲಿಸಿದವಳು ಡಿಯೋಟಿಮಾ ಎಂಬ ಹೆಂಗಸು ಅನ್ನುತ್ತಾನೆ. ಅವಳ ಪ್ರಕಾರ ಈರೋಸ್ ದೇವರೇ ಅಲ್ಲ. ದೇವರಿಗೆ ಎಲ್ಲ ಇದೆ, ಇಲ್ಲದ್ದನ್ನು ಬಯಸುವುದೇ ಪ್ರೀತಿ, ಅಂದಮೇಲೆ ಈರೋಸ್ ದೇವರಿಗೂ ಮನುಷ್ಯರಿಗೂ ನಡುವೆ ಓಡಾಡುವವನು. ಅಫ್ರೊಡೈಟಿ ಹುಟ್ಟಿದ ದಿನ ದೇವರ ಮನೆಯಲ್ಲಿ ಹಬ್ಬ. ಬಡತನ ಎಂಬಾಕೆ ಬಾಗಿಲಲ್ಲಿ ಭಿಕ್ಷೆಗೆ ನಿಂತಿದ್ದಳು. ಅಮೃತ ಜಾಸ್ತಿ ಕುಡಿದು ತೋಟದಲ್ಲಿ ಮಲಗಿದ್ದ ಉಪಾಯ ಎಂಬಾತನ ಪಕ್ಕ ಹೋಗಿ ಮಲಗಿದಳು. ಹುಟ್ಟಿದ ಮಗ ಈರೋಸ್, ತಾಯಿಯ ಹಾಗೆ ಬರಿಗಾಲು, ಮನೆಯಿಲ್ಲ, ಹೊಸ್ತಿಲ ಮೇಲೆ ನಿದ್ದೆ, ತಂದೆಯ ಹಾಗೆ ಸದಾ ಏನಾದರೊಂದು ಹಂಚಿಕೆ. ಚೆಲುವ, ಮುದ್ದುಮುಖದವನು ಅಂತ ಉಳಿದವರು ಹೊಗಳಿದ್ದೆಲ್ಲ ಇಲ್ಲಿ ನೆಲಕ್ಕೆ ಬೀಳುತ್ತದೆ. ಅರ್ಧ ಹುಡುಕುವ ಮಾತನ್ನೂ ಅವಳು ತಳ್ಳಿಹಾಕುತ್ತಾಳೆ: ಅರ್ಧವಾಗಲಿ ಪೂರ್ತಿಯಾಗಲಿ, ಒಳ್ಳೆಯದಲ್ಲದಿದ್ದರೆ ಯಾರೂ ಬಯಸುವುದಿಲ್ಲ, ಕೆಟ್ಟುಹೋದ ಕೈಯನ್ನೂ ಕಾಲನ್ನೂ ಜನ ತಾವೇ ಕತ್ತರಿಸಿ ಹಾಕಿಸುವುದಿಲ್ಲವೇ ಅನ್ನುತ್ತಾಳೆ. ಅರಿಸ್ಟೋಫನೀಸ್ ಉತ್ತರ ಕೊಡಲು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ಕುಡಿದು ತೂರಾಡುತ್ತಾ ಆಲ್ಸಿಬಯಾಡಿಸ್ ಎಂಬ ಅಥೆನ್ಸಿನ ರಾಜಕಾರಣಿ ಒಳಗೆ ನುಗ್ಗುತ್ತಾನೆ, ಮಾತು ಅಲ್ಲಿಗೇ ನಿಂತಿತು. ಎರಡು ಸಾವಿರದ ನಾನೂರು ವರ್ಷದಿಂದ ಆ ಉತ್ತರ ಬಾಕಿ ಇದೆ.

ಪ್ರಶ್ನೆ: ಪ್ರೀತಿ ಅಂದರೆ ಬರೀ ಗಂಡು ಹೆಣ್ಣಿನ ವಿಷಯವೇ? ಗ್ರೀಕ್ ವಿಜ್ಞಾನದಲ್ಲಿ ಇದಕ್ಕೆ ಜಾಗ ಇದೆಯಾ?
– ನಿವೃತ್ತ ವಿಜ್ಞಾನ ಶಿಕ್ಷಕ, ಹಿರಿಯೂರು

ಇದೆ ಸರ್. ಕ್ರಿ.ಪೂ. ಐದನೇ ಶತಮಾನದಲ್ಲಿ ಸಿಸಿಲಿಯ ಎಂಪೆಡೊಕ್ಲಿಸ್, ಮಣ್ಣು, ನೀರು, ಬೆಂಕಿ, ಗಾಳಿ ಈ ನಾಲ್ಕರಿಂದಲೇ ಎಲ್ಲ ಆಗಿದೆ ಅಂದ. ಪಂಚಭೂತದಲ್ಲಿ ಆಕಾಶ ಒಂದು ಕಡಿಮೆ. ಅವನ್ನು ಕೂಡಿಸುವುದು ಪ್ರೀತಿ, ಬಿಡಿಸುವುದು ಜಗಳ. ಒಮ್ಮೆ ಪ್ರೀತಿ ಮೇಲುಗೈ, ಒಮ್ಮೆ ಜಗಳ, ಹೀಗೆ ಜಗತ್ತು ಸುತ್ತುತ್ತಿರುತ್ತದೆ. ಅವನು ಆ ಪ್ರೀತಿಯನ್ನು ಅಫ್ರೊಡೈಟಿ ಅಂತಲೂ ಕರೆಯುತ್ತಾನೆ.

ಪ್ರಶ್ನೆ: ಬಸ್ ಸ್ಟ್ಯಾಂಡ್ ಗೋಡೆಯ ಮೇಲೆಲ್ಲ ವಶೀಕರಣದ ಪೋಸ್ಟರ್. ಗ್ರೀಕರಲ್ಲೂ ಇತ್ತಾ ಈ ದಂಧೆ?
– ಮೆಡಿಕಲ್ ಶಾಪ್ ಮಾಲೀಕ, ದಾವಣಗೆರೆ

ಜೋರಾಗಿಯೇ ಇತ್ತು. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿ ಹೆಣ್ಣಿನ ಪುಟ್ಟ ಮಣ್ಣಿನ ಗೊಂಬೆ ಇದೆ, ಈಜಿಪ್ಟಿನಲ್ಲಿ ಸಿಕ್ಕಿದ್ದು, ಮೈತುಂಬ 13 ಸೂಜಿ ಚುಚ್ಚಿದ್ದಾರೆ. ಜೊತೆಗಿದ್ದ ಸೀಸದ ತಗಡಿನಲ್ಲಿ ಗ್ರೀಕ್ ಭಾಷೆಯ ಮಂತ್ರ. ಅವಳು ನನ್ನನ್ನು ಬಿಟ್ಟು ಬೇರೆ ಯಾರನ್ನೂ ನೆನೆಯಬಾರದು ಅಂತ. ಕ್ರಿ.ಪೂ. ಮೂರನೇ ಶತಮಾನದ ಥಿಯೋಕ್ರಿಟಸ್ ಎಂಬ ಕವಿಯ ಪದ್ಯದಲ್ಲಿ ಸಿಮೇಥಾ ಎಂಬ ಹುಡುಗಿ ಬಿಟ್ಟುಹೋದವನನ್ನು ಎಳೆದು ತರಲು ರಾತ್ರಿ ಚಂದ್ರನ ಕೆಳಗೆ ಕೂತು ಮಂತ್ರದ ಚಕ್ರ ತಿರುಗಿಸುತ್ತಾಳೆ, ಮೇಣ ಕರಗಿಸುತ್ತಾಳೆ. ಅವನು ಬರುವುದಿಲ್ಲ.

ಬಂದರೆ ಇನ್ನೂ ಕಷ್ಟ. ಹೆರಾಕ್ಲೀಸ್‌ನ ಹೆಂಡತಿ ಡೀಯಾನಿರಾ, ಗಂಡ ಬೇರೊಬ್ಬಳನ್ನು ಕರೆತಂದಾಗ, ಸಾಯುವ ಮುಂಚೆ ನೆಸಸ್ ಎಂಬ ಕುದುರೆಮೈಯವನು ಕೊಟ್ಟಿದ್ದ ರಕ್ತವನ್ನು ಒಲಿಸಿಕೊಳ್ಳುವ ಮದ್ದು ಅಂತ ನಂಬಿ ಬಟ್ಟೆಗೆ ಸವರಿ ಕಳಿಸಿದಳು. ಅದು ವಿಷ. ಹೆರಾಕ್ಲೀಸ್‌ನ ಚರ್ಮ ಬಟ್ಟೆಯ ಜೊತೆಗೇ ಕಿತ್ತುಬಂತು. ನೆಸಸ್‌ನನ್ನು ಕೊಂದವನು ಹೆರಾಕ್ಲೀಸ್‌ನೇ, ಅಂದರೆ ವೈರಿ ಕೊಟ್ಟ ಮದ್ದು. ಪೋಸ್ಟರಿನಲ್ಲಿರುವ ನಂಬರಿಗೆ ಫೋನ್ ಮಾಡುವವರಿಗೆ ಈ ಕಥೆ ಹೇಳಿ, ನಿಮ್ಮ ಅಂಗಡಿಗೆ ಬರುತ್ತಾರಲ್ಲ.

ಪ್ರಶ್ನೆ: ಪ್ರೀತಿಯ ಬಗ್ಗೆ ಬರೆದ ಗ್ರೀಕರೆಲ್ಲ ಗಂಡಸರೇನಾ?
– ಎಂ.ಎ. ವಿದ್ಯಾರ್ಥಿನಿ, ಚಿತ್ರದುರ್ಗ

ಎಲ್ಲರಿಗಿಂತ ಚೆನ್ನಾಗಿ ಬರೆದವಳು ಹೆಂಗಸು. ಸಾಫೋ, ಲೆಸ್ಬೋಸ್ ದ್ವೀಪದವಳು, ಕ್ರಿ.ಪೂ. 600ರ ಆಸುಪಾಸು. ಅವಳ ಪದ್ಯಗಳಲ್ಲಿ ಪೂರ್ತಿಯಾಗಿ ಉಳಿದದ್ದು ಒಂದೇ, ಅಫ್ರೊಡೈಟಿಗೆ ಮಾಡಿದ ಪ್ರಾರ್ಥನೆ. ದೇವಿ ಗುಬ್ಬಚ್ಚಿಗಳು ಎಳೆಯುವ ರಥದಲ್ಲಿ ಇಳಿದುಬಂದು, ನಗುತ್ತಾ, ಈಗ ಮತ್ತೆ ಯಾರು ಸಾಫೋ, ಯಾರು ನಿನಗೆ ನೋವು ಮಾಡಿದ್ದು ಅಂತ ಕೇಳುತ್ತಾಳೆ. ಆ "ಮತ್ತೆ"ಯಲ್ಲಿ ಸಲುಗೆಯೂ ಇದೆ, ಸಣ್ಣ ಗೇಲಿಯೂ ಇದೆ. ಪದ್ಯದಲ್ಲಿ ಸಾಫೋ ಬಯಸುತ್ತಿರುವುದು ಒಬ್ಬ ಹೆಣ್ಣನ್ನೇ. ಅವಳು ಓಡಿಹೋಗುತ್ತಿದ್ದರೆ ಬೇಗ ಅವಳೇ ಹಿಂದೆ ಬರುತ್ತಾಳೆ ಅಂತ ದೇವಿ ಮಾತು ಕೊಡುತ್ತಾಳೆ. ಜೀಯಸ್‌ನ ಕಥೆಗಳನ್ನು ಓದಿ ಬೇಸತ್ತವರು ಇದನ್ನು ಓದಬೇಕು. ದೇವರನ್ನು ಇಷ್ಟು ಹತ್ತಿರ ಕೂರಿಸಿಕೊಂಡು ಮಾತಾಡಿದ ಗ್ರೀಕರು ಕಡಿಮೆ.

ಇನ್ನೊಂದು ತುಣುಕಿನಲ್ಲಿ ಪ್ರೀತಿ ಮೈಗೆ ಏನು ಮಾಡುತ್ತದೆ ಅಂತ ಬರೆದಿದ್ದಾಳೆ. ನಾಲಿಗೆ ತೊದಲುತ್ತದೆ, ಚರ್ಮದ ಅಡಿಯಲ್ಲಿ ಬೆಂಕಿ ಹರಿಯುತ್ತದೆ, ಕಣ್ಣು ಕತ್ತಲೆ, ಕಿವಿಯಲ್ಲಿ ಗುಂಯ್, ಬೆವರು, ನಡುಕ, ಹುಲ್ಲಿಗಿಂತ ಹಸಿರಾಗಿ ಬಿಳಿಚಿಕೊಳ್ಳುವುದು. ಉಳಿದದ್ದು ಹೆಚ್ಚಾಗಿ ಚೂರುಪಾರು, ಈಜಿಪ್ಟಿನ ಪಪೈರಸ್ ತುಂಡುಗಳಲ್ಲಿ ಸಿಗುತ್ತಲೇ ಇವೆ. 2004ರಲ್ಲಿ ಹೊರಬಂದ ಒಂದರಲ್ಲಿ, ಮೊಣಕಾಲು ಹಿಡಿಯುವುದಿಲ್ಲ, ತಲೆ ಬೆಳ್ಳಗಾಯಿತು ಅಂತ ಹೇಳಿ, ಮೇಲೆ ಬಂದನಲ್ಲ ಟಿಥೋನಸ್, ಅವನನ್ನೇ ನೆನೆಯುತ್ತಾಳೆ.

ಪ್ರಶ್ನೆ: ನಮ್ಮ ಸೀಮೆಗೂ ಗ್ರೀಕರಿಗೂ ಏನಾದರೂ ನಂಟಿತ್ತಾ? ಕಥೆಗಳು ಆ ಕಡೆಯಿಂದ ಈ ಕಡೆ ಬಂದಿರಬಹುದಾ?
– ರೇಷ್ಮೆ ನೇಕಾರ, ಮೊಳಕಾಲ್ಮೂರು

ನಿಮ್ಮ ತಾಲ್ಲೂಕಿನಲ್ಲೇ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನ ಇವೆ ಅಲ್ವಾ, ಅದೇ ಅಶೋಕ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲೂ ಬರೆಸಿದ್ದಾನೆ. ಅದು ಸಿಕ್ಕಿದ್ದು 1958ರಲ್ಲಿ. ಮಧ್ಯಪ್ರದೇಶದ ಬೆಸ್‌ನಗರದಲ್ಲಿ ಹೆಲಿಯೊಡೋರಸ್ ಎಂಬ ಗ್ರೀಕ್ ರಾಯಭಾರಿ ವಾಸುದೇವನಿಗೆ ಗರುಡಗಂಬ ನಿಲ್ಲಿಸಿದ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. ಓಡಾಟ ಇತ್ತು. ಅಷ್ಟಕ್ಕೇ ಅಹಲ್ಯೆ ಅಲ್ಲಿಂದ ಬಂದಳು, ಆಲ್ಕ್‌ಮೀನಿ ಇಲ್ಲಿಂದ ಹೋದಳು ಅಂತ ಹೇಳಬೇಡಿ. ಗಂಡನ ವೇಷದಲ್ಲಿ ಬಂದು ಮೋಸ ಮಾಡುವುದನ್ನು ಯೋಚಿಸಲು ಯಾರೂ ಹಡಗು ಹತ್ತಬೇಕಾಗಿಲ್ಲ.

ಪ್ರಶ್ನೆ: ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಅಂದಳು. ಶರಣ ಸತಿ, ಲಿಂಗ ಪತಿ ಅಂತ ನಾವು ಕೇಳಿಕೊಂಡು ಬೆಳೆದವರು. ಗ್ರೀಕರಲ್ಲಿ ಯಾರಾದರೂ ದೇವರನ್ನು ಹೀಗೆ ಪ್ರೀತಿಸಿದರಾ?
– ಹಿರಿಯ ಓದುಗರು, ಸಿರಿಗೆರೆ

ಈ ಪ್ರಶ್ನೆಗೆ ಇಲ್ಲ ಅಂತಲೇ ಹೇಳಬೇಕಾಗುತ್ತದೆ, ಹತ್ತಿರಕ್ಕೆ ಬಂದವನು ಒಬ್ಬನಿದ್ದಾನೆ.

ಮೊದಲು ಅರಿಸ್ಟಾಟಲ್. ಸ್ನೇಹ ಇರಬೇಕಾದರೆ ಇಬ್ಬರ ನಡುವೆ ಅಂತರ ತೀರ ಜಾಸ್ತಿ ಇರಬಾರದು, ದೇವರು ಮನುಷ್ಯರಿಂದ ಎಷ್ಟು ದೂರ ಅಂದರೆ ಅಲ್ಲಿ ಸ್ನೇಹವೇ ಸಾಧ್ಯವಿಲ್ಲ ಅಂದ. ಅವನ ಪ್ರಕಾರ ದೇವರು ಜಗತ್ತನ್ನು ನಡೆಸುವುದು, ಪ್ರೀತಿಸಲ್ಪಡುವ ವಸ್ತು ಪ್ರೀತಿಸುವವನನ್ನು ಎಳೆಯುವ ರೀತಿಯಲ್ಲಿ. ತಾನು ಅಲುಗುವುದಿಲ್ಲ. ಲೋಕವೆಲ್ಲ ಅವನ ಕಡೆ ಹಂಬಲಿಸುತ್ತದೆ, ಅವನು ತಿರುಗಿ ನೋಡುವುದಿಲ್ಲ, ತನ್ನ ಚಿಂತನೆಯಲ್ಲೇ ಇರುತ್ತಾನೆ. ಒಲಿದು ಬರುವ ದೇವರನ್ನು ಕಂಡ ನಮ್ಮ ಶರಣರಿಗೆ ಇದು ರುಚಿಸುತ್ತಿರಲಿಲ್ಲ.

ಹತ್ತಿರ ಬಂದವನು ಹಿಪೊಲಿಟಸ್ ಎಂಬ ರಾಜಕುಮಾರ. ಯೂರಿಪಿಡೀಸ್ ಅವನ ಕಥೆಯ ನಾಟಕವನ್ನು ಕ್ರಿ.ಪೂ. 428ರಲ್ಲಿ ಆಡಿಸಿ ಮೊದಲ ಬಹುಮಾನ ಪಡೆದ. ಹಿಪೊಲಿಟಸ್‌ಗೆ ಆರ್ಟೆಮಿಸ್ ಬಿಟ್ಟರೆ ಬೇರೆ ಯಾರೂ ಬೇಡ. ಕುರಿ ಮೇಯದ, ಕುಡುಗೋಲು ತಾಗದ ಹುಲ್ಲುಗಾವಲಿನಿಂದ ಹೂ ತಂದು ಅವಳಿಗೆ ಮಾಲೆ ಹಾಕುತ್ತಾನೆ. ನಿನ್ನ ದನಿ ಕೇಳುತ್ತೇನೆ, ಮುಖ ಕಾಣುವುದಿಲ್ಲ, ಮಾತಾಡುವ ಭಾಗ್ಯ ನನಗೊಬ್ಬನಿಗೇ ಇದೆ ಅನ್ನುತ್ತಾನೆ. ಅಕ್ಕನ ದನಿ ಇಲ್ಲಿ ಸ್ವಲ್ಪ ಕೇಳಿಸುತ್ತದೆ, ಅಲ್ವಾ? ಆದರೆ ಅಫ್ರೊಡೈಟಿಗೆ ಒಂದು ನಮಸ್ಕಾರವನ್ನೂ ಅವನು ಹಾಕುವುದಿಲ್ಲ. ಅವಳು ಬಿಡುತ್ತಾಳಾ? ಅವನ ಮಲತಾಯಿ ಫೀಡ್ರಾಳ ಮನಸ್ಸನ್ನು ಅವನ ಕಡೆ ತಿರುಗಿಸಿದಳು. ಫೀಡ್ರಾ ಸುಳ್ಳು ಆಪಾದನೆ ಬರೆದಿಟ್ಟು ನೇಣು ಹಾಕಿಕೊಂಡಳು, ತಂದೆ ಶಾಪ ಹಾಕಿದ, ಸಮುದ್ರದಿಂದ ಎದ್ದ ಗೂಳಿಗೆ ಹೆದರಿ ಕುದುರೆಗಳು ಅವನನ್ನು ಎಳೆದಾಡಿ ಕೊಂದವು.

ಸಾಯುವ ಹೊತ್ತಿಗೆ ಆರ್ಟೆಮಿಸ್ ಬರುತ್ತಾಳೆ. ಒಬ್ಬ ದೇವರ ಇಷ್ಟಕ್ಕೆ ಇನ್ನೊಬ್ಬ ದೇವರು ಅಡ್ಡ ಬರಬಾರದು ಅನ್ನುವುದು ನಮ್ಮ ಕಟ್ಟಳೆ, ಅದಕ್ಕೇ ಸುಮ್ನಿದ್ದೆ ಅನ್ನುತ್ತಾಳೆ. ಅಫ್ರೊಡೈಟಿಗೆ ಬಹಳ ಬೇಕಾದ ಒಬ್ಬ ಮನುಷ್ಯನನ್ನು ನಾನೂ ಕೊಲ್ಲುತ್ತೇನೆ, ಸರಿಯಾಯಿತಲ್ಲ ಅಂತ ಸಮಾಧಾನ ಹೇಳುತ್ತಾಳೆ! ಇದು ಅವಳಿಗೆ ಪ್ರೀತಿ. ಆಮೇಲೆ, ಸಾವನ್ನು ನಾವು ಕಣ್ಣಿಂದ ನೋಡುವ ಹಾಗಿಲ್ಲ ಅಂತ ಎದ್ದು ಹೊರಡುತ್ತಾಳೆ. ಇಷ್ಟು ದಿನದ ಒಡನಾಟವನ್ನು ಎಷ್ಟು ಸುಲಭವಾಗಿ ಬಿಟ್ಟು ಹೋಗುತ್ತೀಯಲ್ಲ ಅಂತ ಹಿಪೊಲಿಟಸ್ ಹೇಳುವ ಒಂದು ಸಾಲಿದೆ. ಬೈಗುಳವೋ ಬೀಳ್ಕೊಡುಗೆಯೋ ನೀವೇ ತೀರ್ಮಾನ ಮಾಡಿ. ನನಗಂತೂ ಅದು ಬೈಗುಳವೇ.

ಪ್ರಶ್ನೆ: ಅಫ್ರೊಡೈಟಿಯ ಗುಡಿ ಈಗಲೂ ಇದೆಯಾ? ಮೂರ್ತಿ ಹೇಗಿತ್ತು?
– ಹೂವಿನ ವ್ಯಾಪಾರಿ, ಹೊಳಲ್ಕೆರೆ

ಸೈಪ್ರಸ್ ದ್ವೀಪದ ಪಾಫೋಸ್ ಹತ್ತಿರ, ಕೂಕ್ಲಿಯಾ ಎಂಬ ಹಳ್ಳಿಯಲ್ಲಿ ಅವಳ ದೊಡ್ಡ ಕ್ಷೇತ್ರದ ಪಾಳು ಇದೆ. ಸಮುದ್ರದ ನೊರೆಯಲ್ಲಿ ಹುಟ್ಟಿದವಳು ಸೈಪ್ರಸ್ಸಿನಲ್ಲೇ ನೆಲ ಮುಟ್ಟಿದಳು ಅಂತ ಹೆಸಿಯಡ್ ಹೇಳಿದ್ದಾನೆ. 1980ರಿಂದ ಪಾಫೋಸ್ ಯುನೆಸ್ಕೊ ಪಟ್ಟಿಯಲ್ಲಿದೆ. ಪೂಜೆ ನಿಂತು ಸುಮಾರು ಸಾವಿರದ ಆರುನೂರು ವರ್ಷವಾಯಿತು, ರೋಮನ್ ಚಕ್ರವರ್ತಿ ಥಿಯೋಡೋಸಿಯಸ್ 391, 392ರಲ್ಲಿ ಹಳೆಯ ದೇವರ ಬಲಿ, ಪೂಜೆಗಳನ್ನು ಕಾನೂನು ಮಾಡಿ ನಿಲ್ಲಿಸಿದ.

ಮೂರ್ತಿಯ ವಿಷಯಕ್ಕೆ ಬಂದರೆ ನಿಮಗೆ ಆಶ್ಚರ್ಯವಾಗಬಹುದು. ಪಟಗಳಲ್ಲಿ ನೋಡುವ ಚೆಲುವೆಯ ವಿಗ್ರಹ ಅಲ್ಲಿ ಪೂಜೆಗೆ ಇರಲಿಲ್ಲ. ಕೆಳಗೆ ಅಗಲ, ಮೇಲೆ ಸಣ್ಣಗಾಗುವ ಒಂದು ಕಲ್ಲು, ಕಣ್ಣಿಲ್ಲ, ಮೂಗಿಲ್ಲ. ಅಂಥದೊಂದು ಕಪ್ಪು ಕಲ್ಲನ್ನು ಈಗ ಅಲ್ಲಿನ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಆ ಬಲಿಪೀಠದ ಮೇಲೆ ರಕ್ತ ಚೆಲ್ಲುವುದಕ್ಕೂ ಬಿಡುತ್ತಿರಲಿಲ್ಲವಂತೆ. ಇದನ್ನೆಲ್ಲ ಬರೆದಿಟ್ಟವನು ರೋಮನ್ ಇತಿಹಾಸಕಾರ ಟ್ಯಾಸಿಟಸ್. ದೇವಿಗೆ ಮನುಷ್ಯರ ರೂಪ ಯಾಕಿಲ್ಲವೋ, ಕಾರಣ ತಿಳಿಯದು ಅಂತ ಅವನು ಒಂದೇ ಮಾತಿನಲ್ಲಿ ಮುಗಿಸಿದ್ದಾನೆ. ಹೊಳಲ್ಕೆರೆಯಲ್ಲಿ ಯಾರನ್ನು ಕೇಳಿದ್ದರೂ ಇದರಲ್ಲೇನು ವಿಚಿತ್ರ ಅನ್ನುತ್ತಿದ್ದರು.